ಹೂಳು ಎತ್ತಿದವರ ಪಾಲು

ಬರ ಬಂದರೆ ಎಲ್ಲರಿಗೂ ಒಂದೇ ಎನ್ನುವ ಮಾತನ್ನು ನಾವು ಬಹಳ ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ. ಪೇಪರಿನವರು ಹೇಳುತ್ತಾರೆ, ಮಂತ್ರಿಗಳು ಹೇಳುತ್ತಾರೆ, ಗುಡಿಕಟ್ಟೆಯ ಮೇಲೆ ಕುಂತ ದೊಡ್ಡವರೂ ಹೇಳುತ್ತಾರೆ. 'ಮುಗಿಲು ಯಾರಪ್ಪಂದೂ ಅಲ್ಲ, ಅದಕ್ಕ ಜಾತಿ ಇಲ್ಲ' ಅಂತಾರೆ. ಖರೆ, ಮುಗಿಲಿಗೆ ಜಾತಿ ಇಲ್ಲ. ಆದರೆ ಮುಗಿಲಿನಿಂದ ಬಿದ್ದ ನೀರು ನೆಲ ಮುಟ್ಟಿದ ಗಳಿಗೆಯಿಂದ ಅದಕ್ಕೊಂದು ಸರ್ವೆ ನಂಬರು, ಒಂದು ಪಂಪ್‌ಸೆಟ್ಟು, ಒಂದು ಜಾತಿ ಹತ್ತಿಕೊಳ್ಳುತ್ತದೆ. ನಾವು ಹೇಳಬೇಕಾದದ್ದು ಅಲ್ಲಿಂದ ಮುಂದಿನ ಮಾತು.

ನಾವು ಹಿಟ್ನಾಳದ ಕಡೆಯ ಕೇರಿಯ ಮಂದಿ. ಒಂದು ಹೆದ್ದಾರಿ ಹೊಸಪೇಟೆಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿಗೆ ಹೋಗುತ್ತದೆ. ಇನ್ನೊಂದು ಕುಷ್ಟಗಿ ಹಾಯ್ದು ವಿಜಯಪುರ, ಸೊಲ್ಲಾಪುರಕ್ಕೆ ಹೋಗುತ್ತದೆ. ಅವೆರಡೂ ಕೂಡುವ ಜಾಗ ನಮ್ಮದು. ಮಗ್ಗುಲಲ್ಲೇ ಮುನಿರಾಬಾದಿನ ಅಣೆಕಟ್ಟು, ತುಂಗಭದ್ರೆ. ಈ ಕಡೆ ಗಿಣಿಗೇರಿಯ ದಿಕ್ಕಿಗೆ ಕಾರ್ಖಾನೆಗಳ ಹೊಗೆಗೊಳವೆ. ಹಾದು ಹೋಗುವವರು ಕಾರಿನ ಕಿಟಕಿಯಿಂದ ನೋಡಿ, 'ಇವರಿಗೇನು ಕಡಿಮಿ ಆಗೈತಿ? ನೀರೈತಿ, ಕರೆಂಟೈತಿ, ರೋಡೈತಿ, ಕಾರ್ಖಾನಿ ಐತಿ' ಎನ್ನಬಹುದು. ಎಲ್ಲವೂ ಐತಿ. ಅದರೊಳಗೆ ನಮ್ಮದು ಎಷ್ಟೈತಿ ಅನ್ನುವುದೇ ಪ್ರಶ್ನೆ. ಸಾಲಾರ್ ಜಂಗರ ಜಹಗೀರು ಹೋಯಿತು, ನಿಜಾಮರು ಹೋದರು, ರಾಯಚೂರು ಜಿಲ್ಲೆಯೊಳಗಿದ್ದ ನಾವು 1997ರಲ್ಲಿ ಕೊಪ್ಪಳ ಜಿಲ್ಲೆಯವರಾದೆವು. ಕಚೇರಿಗಳ ಬೋರ್ಡು ಬದಲಾದವು. ಕೇರಿಯ ಕೈಯಲ್ಲಿದ್ದ ಸಲಿಕೆ, ಬುಟ್ಟಿ ಬದಲಾಗಲಿಲ್ಲ.

ಈಗ ಹೊಸದೊಂದು ಮಾತು ಬಂದಿದೆ. ಹವಾಮಾನ ಬದಲಾಗುತ್ತಿದೆ, ಜನ ಅದಕ್ಕೆ ಹೊಂದಿಕೊಳ್ಳಬೇಕು. ಬ್ಯಾನರು ಕಟ್ಟಿ, ಊಟ ಹಾಕಿ ಹೇಳುತ್ತಾರೆ. ಇದಕ್ಕೆ 'ಹೊಂದಾಣಿಕೆ' ಎಂದು ಹೆಸರು. ಈ ಶಬ್ದ ಕೇಳಿದರೆ ನಮ್ಮ ಹಿರೇರು ನಗುತ್ತಾರೆ. 'ಹೊಂದ್ಕೊಂಡು ಹೋಗ್ರಿ' ಎನ್ನುವುದು ಊರು ಕೇರಿಗೆ ಹೇಳಿಕೊಟ್ಟ ಮೊದಲ ಪಾಠ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಾಗ ಹೊಂದಿಕೊಂಡು ಹೋಗ್ರಿ. ಗಂಡಾಳಿಗೆ ಒಂದು, ಹೆಣ್ಣಾಳಿಗೆ ಅದರರ್ಧ ಕೂಲಿ ಕೊಟ್ಟಾಗ ಹೊಂದಿಕೊಂಡು ಹೋಗ್ರಿ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಹೀಗೆ ಹೊಂದಿಕೊಳ್ಳಲು ಒಪ್ಪದೆ ಕ್ಷೌರದಂಗಡಿ, ಹೋಟೆಲಿನ ಬಾಗಿಲಿಗೆ ಹೋದ ದಲಿತರ ಗುಡಿಸಲುಗಳಿಗೆ 2014ರ ಆಗಸ್ಟ್ 28ರಂದು ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮಾತು ಹೈಕೋರ್ಟಿಗೂ ಹೋಯಿತು, ಬಹುಮಂದಿಗೆ ಜಾಮೀನೂ ಸಿಕ್ಕಿತು. ಇಂಥ ನೆಲದಲ್ಲಿ ನಿಂತು 'ಹೊಂದಾಣಿಕೆ' ಎಂಬ ಶಬ್ದ ಕೇಳಿದಾಗ ನಾವು ಕೇಳುವ ಪ್ರಶ್ನೆ ಒಂದೇ: ಯಾರು ಯಾರಿಗೆ ಹೊಂದಿಕೊಳ್ಳಬೇಕು?

ಮಳೆಯ ಮಾತು ಬಂದಾಗ ನಮಗೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದ ಕೂಸು ನೆನಪಾಗುತ್ತದೆ. 2021ರ ಸೆಪ್ಟೆಂಬರ್ 4. ಆ ಕೂಸಿಗೆ ಎರಡು ವರ್ಷ ತುಂಬಿದ ದಿನ. ಅಪ್ಪ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿದ್ದ. ಹನಿ ಬಿದ್ದವು. ಕೂಸು ಗುಡಿಯೊಳಗೆ ಓಡಿತು. ಗುಡಿ ಮೈಲಿಗೆ ಆಯಿತೆಂದು, ಶುದ್ಧಿ ಮಾಡಿಸಲು 25 ಸಾವಿರ ರೂಪಾಯಿ ಕೊಡಬೇಕೆಂದು ಊರಿನ ಕೆಲವರು ಕೇಳಿದರು. ಮುಂದೆ ಪೊಲೀಸು ಕೇಸಾಯಿತು. ಮಳೆ ಎಲ್ಲರ ಮೇಲೂ ಬಿತ್ತು. ಓಡಿ ಹೋಗಿ ನಿಲ್ಲಲು ಸೂರು ಎಲ್ಲರಿಗೂ ಇರಲಿಲ್ಲ. ಹವಾಮಾನದ ನ್ಯಾಯ ಅಂದರೆ ಏನೆಂದು ದೊಡ್ಡ ಪುಸ್ತಕ ಓದಬೇಕಿಲ್ಲ, ಆ ಎರಡು ವರ್ಷದ ಕೂಸು ಹೇಳಿದೆ.

ಹವಾಮಾನ ಬದಲಾಗಿಲ್ಲ ಎಂದು ನಾವು ಹೇಳುತ್ತಿಲ್ಲ. ಅದನ್ನು ಮೊದಲು ಮೈಮೇಲೆ ತಿಳಿದವರು ನಾವೇ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅಷ್ಟರಲ್ಲೇ ಮುಂಗಾರಿ, ಹಿಂಗಾರಿ ಎರಡೂ ನಡೆಯಬೇಕು. ರೋಹಿಣಿಗೆ ಹೊಲ ಹದ ಮಾಡಿ, ಮಿರಗಕ್ಕೆ ಬಿತ್ತಿ, ಹಸ್ತ, ಚಿತ್ತಿಗೆ ಬಿಳಿಜೋಳ ಊರುವ ಲೆಕ್ಕವನ್ನು ನಮ್ಮ ಅಜ್ಜಂದಿರು ಬೆರಳ ಮೇಲೆ ಇಟ್ಟುಕೊಂಡಿದ್ದರು. ಆ ಲೆಕ್ಕ ಈಗ ಕೂಡುವುದಿಲ್ಲ. ಬೀಳುವ ಮಳೆ ಒಮ್ಮೆಲೇ ಬೀಳುತ್ತದೆ. ಆಮೇಲೆ ಇಪ್ಪತ್ತು ದಿನ, ತಿಂಗಳು ಮುಗಿಲು ಬೋಳು. 2009ರಲ್ಲಿ ಇಡೀ ಹಂಗಾಮು ಮಳೆಗಾಗಿ ಕಾದು ಕಾದು, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ನಾಲ್ಕಾರು ದಿನದಲ್ಲಿ ಉತ್ತರ ಕರ್ನಾಟಕವೇ ಮುಳುಗಿತು. 2019ರ ಆಗಸ್ಟಿನಲ್ಲಿ ಮತ್ತೆ ನೆರೆ. 2023ರಲ್ಲಿ ಹನಿ ಇಲ್ಲದ ಬರ. ಒಣ ಬರ, ಹಸಿ ಬರ ಎಂದು ಈಗ ಎರಡು ಬರ. ಮಣ್ಣಿನ ಗ್ವಾಡಿ ಹಸಿ ಬರಕ್ಕೆ ಬೀಳುತ್ತದೆ, ಕೂಲಿ ಒಣ ಬರಕ್ಕೆ ಬೀಳುತ್ತದೆ. ಎರಡೂ ನಮ್ಮವೇ.

ಇದಕ್ಕೆ ನಾವು ಮಾಡಿದ ಹೊಂದಾಣಿಕೆಗೆ ಗುಳೆ ಎಂದು ಹೆಸರು. ಬಾಗಿಲಿಗೆ ಬೀಗ ಹಾಕಿ, ಮುದುಕರನ್ನು ಮನೆಯಲ್ಲಿ ಬಿಟ್ಟು, ಹಾಲು ಕುಡಿಯುವ ಕೂಸನ್ನು ಕಂಕುಳಿಗೆ ಹಾಕಿಕೊಂಡು ಮಂಗಳೂರಿಗೆ, ಬೆಂಗಳೂರಿಗೆ, ಗೋವಾಕ್ಕೆ ಹೋಗುವುದು. ಕಟ್ಟುವ ಬಿಲ್ಡಿಂಗಿನ ಬುಡದಲ್ಲೇ ತಗಡಿನ ಶೆಡ್ಡು. ನಮ್ಮ ಮಕ್ಕಳ ಹೆಸರು ಇಲ್ಲಿನ ಶಾಲೆಯ ಹಾಜರಿಯಲ್ಲಿ, ಮಕ್ಕಳು ಅಲ್ಲಿನ ಉಸುಕಿನ ಗುಂಪಿಯ ಮೇಲೆ. ಯಾವ ಯೋಜನೆಯೂ ಕಲಿಸದೆ ನಾವೇ ಕಲಿತ ಹೊಂದಾಣಿಕೆ ಇದು. ಇದರ ಖರ್ಚು ಪೂರಾ ನಮ್ಮದು.

2023ರ ಬರದ ಲೆಕ್ಕ ನೋಡೋಣ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರಕಾರ ಸಾರಿತು. ರಾಜ್ಯ 18 ಸಾವಿರ ಕೋಟಿಗೂ ಮೇಲೆ ಕೇಳಿತು. ದಿಲ್ಲಿ ಕಿವಿಗೊಡಲಿಲ್ಲವೆಂದು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು 3,454 ಕೋಟಿ. ಪೇಪರಿನಲ್ಲಿ ದೊಡ್ಡ ಸುದ್ದಿ. ಇದರಲ್ಲಿ ಬೆಳೆ ಪರಿಹಾರ ಕೊಡುವುದು ಹೆಕ್ಟೇರಿನ ಮೇಲೆ. ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿನವರೆಗೆ. ಎಕರೆಗೆ ಲೆಕ್ಕ ಹಾಕಿದರೆ ಮೂರೂವರೆ ಸಾವಿರವೂ ಆಗುವುದಿಲ್ಲ. ಎರಡೆಕರೆ ರೈತನಿಗೂ ಇದು ಬೀಜ, ಗೊಬ್ಬರದ ಬಾಕಿಗೆ ಸಾಲದು, ಅದನ್ನು ನಾವು ಒಪ್ಪುತ್ತೇವೆ. ಆದರೆ ಹೆಕ್ಟೇರೇ ಇಲ್ಲದವನಿಗೆ? ಬೆಳೆ ಒಣಗಿದಾಗ ಹೊಲದವನ ಬೆಳೆ ಹೋಯಿತು, ಆ ಬೆಳೆಯ ಕಸ ತೆಗೆಯುವ, ಕೊಯ್ಯುವ, ರಾಶಿ ಮಾಡುವ ನಮ್ಮ ನೂರು ದಿನದ ಕೂಲಿಯೂ ಅದರ ಜೊತೆಗೇ ಒಣಗಿತು. ಒಣಗಿದ ಬೆಳೆಗೆ ಪಂಚನಾಮೆ ಉಂಟು. ಒಣಗಿದ ಕೂಲಿಗೆ ಯಾವ ತಲಾಟಿಯೂ ಪಂಚನಾಮೆ ಬರೆದದ್ದನ್ನು ನಾವು ಕಂಡಿಲ್ಲ.

ಇನ್ನು ಲಾವಣಿಗೆ, ಪಾಲಿಗೆ ಹೊಲ ಮಾಡುವವರ ಪಾಡು. 1974ರ ಭೂಸುಧಾರಣೆಯಲ್ಲಿ ಗೇಣಿ ಪದ್ಧತಿ ರದ್ದಾಯಿತು. ಒಳ್ಳೆಯ ಕಾಯ್ದೆ, ಎಷ್ಟೋ ಗೇಣಿದಾರರಿಗೆ ಭೂಮಿ ಕೊಟ್ಟ ಕಾಯ್ದೆ. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾಗದ ಮಾಡಿದರೆ ಕಾಯ್ದೆ ಅಡ್ಡ ಬರುತ್ತದೆ, ಅದಕ್ಕೇ ಯಾರೂ ಕಾಗದ ಮಾಡುವುದಿಲ್ಲ. ನಮ್ಮವರು ಮುಂಗಡ ಕೊಟ್ಟು, ಸಾಲ ಮಾಡಿ ಬಿತ್ತುತ್ತಾರೆ. ಬೆಳೆ ವಿಮೆಗೆ ಪಹಣಿ ಬೇಕು, ಪರಿಹಾರಕ್ಕೆ ಪಹಣಿ ಬೇಕು, ಕೃಷಿಹೊಂಡಕ್ಕೆ, ಹನಿ ನೀರಾವರಿ ಪೈಪಿಗೆ, ಸೋಲಾರ್ ಪಂಪಿಗೆ ಪಹಣಿ ಬೇಕು. ಪಹಣಿಯಲ್ಲಿ ಹೆಸರಿರುವವನು ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡು ಕುಂತಿರುತ್ತಾನೆ. ಬೆಳೆ ಕಳಕೊಂಡವನು ಇಲ್ಲಿ, ಪರಿಹಾರದ ಎಸ್ಸೆಮ್ಮೆಸ್ಸು ಅಲ್ಲಿ. ಕೇಳಲು ಹೋದ ನಮ್ಮವರಿಗೆ ಒಬ್ಬ ಸಾಹೇಬರು, 'ನಿನ್ನ ಹೆಸರಿಲೆ ಏನೈತಿ ಅಂತ ಬಂದೀಯೋ?' ಎಂದರು. ನಮ್ಮವನು, 'ಸಾಲ ಐತ್ರಿ' ಎಂದು ಬಂದ.

ಹಾಗಾದರೆ ನಮ್ಮ ಮಗ್ಗುಲಿನ ಅಣೆಕಟ್ಟು? ಅದೂ ಬರಕ್ಕೆ ಮಾಡಿದ ಮದ್ದೇ. 1945ರಲ್ಲಿ ಅಡಿಗಲ್ಲು ಬಿತ್ತು, 1953ರ ಹೊತ್ತಿಗೆ ನೀರು ನಿಂತಿತು. ಸುಮಾರು 90 ಊರು ಮುಳುಗಿದವು, 50 ಸಾವಿರಕ್ಕೂ ಹೆಚ್ಚು ಜನ ಎದ್ದು ಹೋದರು. ಎಡದಂಡೆ ಕಾಲುವೆಯ ಯೋಜನೆ ಹಾಕಿದವರ ಮನಸ್ಸಿನಲ್ಲಿದ್ದದ್ದು ರಕ್ಷಣಾ ನೀರಾವರಿ. ಅಂದರೆ ಸ್ವಲ್ಪ ಸ್ವಲ್ಪ ನೀರನ್ನು ಬಹಳ ಹೊಲಗಳಿಗೆ ಹಂಚಿ, ಜೋಳ, ಹತ್ತಿಯಂಥ ಬೆಳೆಯನ್ನು ಬರದಿಂದ ಉಳಿಸುವುದು. ಹೆಚ್ಚು ಹೊಲ, ಕಡಿಮೆ ನೀರು, ಎಲ್ಲರಿಗೂ ಒಂದು ಹಿಡಿ ಕಾಳು. ಕಾಗದದ ಮೇಲೆ ಇದಕ್ಕಿಂತ ನ್ಯಾಯದ ಲೆಕ್ಕ ಬೇಕಿಲ್ಲ.

ನಡೆದದ್ದು ಬೇರೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿತು. ಕರಾವಳಿ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಕ್ಯಾಂಪು ಕಟ್ಟಿದರು, ಊರ ಉಳ್ಳವರೂ ಅವರ ಹಾದಿ ಹಿಡಿದರು. ಗಂಗಾವತಿ ಭತ್ತದ ಕಣಜವಾಯಿತು. ಒಂದೆಕರೆ ಭತ್ತ ಕುಡಿಯುವ ನೀರಿನಲ್ಲಿ ಎಷ್ಟು ಎಕರೆ ಜೋಳ ಬದುಕುತ್ತಿತ್ತು ಎಂದು ಕೇಳುವವರಿಲ್ಲ. ಕಾಲುವೆಯ ತುದಿಯ ಮಾನ್ವಿ, ರಾಯಚೂರಿನ ರೈತರು ಪ್ರತಿ ಹಂಗಾಮಿಗೂ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಭೂಮಿ ಹಸನು ಮಾಡಲು, ಗೊಬ್ಬರ, ಎಣ್ಣೆ ಹಾಕಲು ಕೈಯಲ್ಲಿ ರೊಕ್ಕ ಇಲ್ಲದ ಸಣ್ಣವರು ನೀರು ಬಂದ ಮೇಲೆಯೇ ಹೊಲ ಮಾರಿದರು. ನೀರು ಬಂದರೆ ಬಡವನ ಹೊಲ ಉಳಿಯುತ್ತದೆ ಎಂದು ನಂಬಿದ್ದೆವು. ನೀರು ಬಂದಾಗ ಹೊಲದ ಬೆಲೆ ಏರಿತು, ಬೆಲೆ ಏರಿದಾಗ ಹೊಲ ಹೋಯಿತು.

ಆ ಅಣೆಕಟ್ಟೂ ಈಗ ಮುದಿಯಾಗಿದೆ. 133 ಟಿ.ಎಂ.ಸಿ. ಎಂದು ಕಟ್ಟಿದ್ದು, ಹೂಳು ತುಂಬಿ ಈಗ 105ರ ಆಸುಪಾಸು. ಮೇಲಿನ ಕಾಡು ಕಡಿದ, ಗಣಿ ಅಗೆದ, ಬದು ಇಲ್ಲದ ಹೊಲಗಳ ಮಣ್ಣೆಲ್ಲ ಅಲ್ಲಿ ಕುಂತಿದೆ. ಹೂಳಿಗೆ ಬಲಿಯಾದ ನೀರು ಹಿಡಿಯಲು ನವಲಿಯ ಹತ್ತಿರ ಇನ್ನೊಂದು ಜಲಾಶಯದ ಮಾತು ನಡೆದಿದೆ. ಮತ್ತೆ ಯಾರದೋ ಹೊಲ ಮುಳುಗಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿ ಹೋಯಿತು. ತುಂಬಿದ ಡ್ಯಾಮಿನ ನೀರು ಸುಮಾರು ಒಂದು ವಾರ ನದಿಗೆ ಹರಿಯಿತು. ಎಂಜಿನಿಯರ್ ಕನ್ನಯ್ಯ ನಾಯ್ಡು ಅವರೂ ಕಾರ್ಮಿಕರೂ ಹರಿಯುವ ನೀರಿನಲ್ಲೇ ತಡೆಗೋಡೆ ಇಳಿಸಿ ಅದನ್ನು ನಿಲ್ಲಿಸಿದರು. ಅವರಿಗೆ ನಮ್ಮ ಶರಣು. ಮುಂದೆ 33 ಗೇಟುಗಳನ್ನೂ ಬದಲಿಸಬೇಕೆಂದಾಯಿತು. ಅದಕ್ಕಾಗಿ 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ರೈತ ಸಂಘಟನೆಗಳು ಎಕರೆಗೆ ಇಷ್ಟು ಪರಿಹಾರ ಕೊಡಿ ಎಂದು ಹೋರಾಡಿದವು. ನ್ಯಾಯದ ಬೇಡಿಕೆ. ಆದರೆ ಆ ಬೆಳೆಗೆ ಸಸಿ ಹಚ್ಚಲು ಮುಂಜಾನೆ ಟಂಟಂ ಹತ್ತಿ ಹೋಗುವ ನಮ್ಮ ಹೆಣ್ಣುಮಕ್ಕಳ ಕೂಲಿಯ ಪರಿಹಾರದ ಮಾತು ಯಾವ ವೇದಿಕೆಯ ಮೇಲೂ ನಮ್ಮ ಕಿವಿಗೆ ಬೀಳಲಿಲ್ಲ. ಕಾಲುವೆ ಒಣಗಿದರೆ ಮೊದಲು ಒಣಗುವುದು ಅವರ ಒಲೆ.

ಈಗ ಹೂಳಿನ ಮಾತಿಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ಕೆರೆ, ಹಳ್ಳ ಉಳಿಸುವ ಕೆಲಸಕ್ಕೆ ಜನ ಮುಂದಾಗಿದ್ದಾರೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳ ಮುಂದಾಳತ್ವದಲ್ಲಿ ಹಿರೇಹಳ್ಳದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದ ಜಾಲಿ, ಹೂಳು ತೆಗೆದರು. ಕುಷ್ಟಗಿಯ ನಿಡಶೇಸಿ ಕೆರೆಯನ್ನೂ ಜನರೇ ಹಸನು ಮಾಡಿದರು. ಸರಕಾರದ ದಾರಿ ಕಾಯದೆ ಮಂದಿ ಕೈಗೂಡಿಸಿದ್ದು ಸಣ್ಣ ಮಾತಲ್ಲ. ಹೂಳು ತೆಗೆದರೆ ಅಂತರ್ಜಲ ಏರುತ್ತದೆ. ಕೆರೆಯ ಗೋಡುಮಣ್ಣು ಹೊಲಕ್ಕೆ ಬಿದ್ದರೆ ಕಲ್ಲು ಹೊಲವೂ ಹಸಿ ಹಿಡಿಯುತ್ತದೆ. ಮಳೆ ಕೈಕೊಟ್ಟಾಗ ಎಂಟು ಹತ್ತು ದಿನ ಹೆಚ್ಚು ಬೆಳೆ ತಡೆಯುತ್ತದೆ. ಆ ಎಂಟು ಹತ್ತು ದಿನದಲ್ಲೇ ಕಾಳು ಕಟ್ಟುವುದೋ ಕಟ್ಟದಿರುವುದೋ ತೀರ್ಮಾನವಾಗುತ್ತದೆ. ಇದನ್ನು ಯಾವ ವಿಜ್ಞಾನಿಯೂ ಅಲ್ಲಗಳೆಯುವುದಿಲ್ಲ. ನಾವು ಎತ್ತುವ ಮಾತು ಇದರ ಮುಂದಿನದು. ಏರಿದ ಅಂತರ್ಜಲ ಯಾರ ಬೋರಿಗೆ? ಎತ್ತಿದ ಗೋಡು ಯಾರ ಹೊಲಕ್ಕೆ?

ನಮ್ಮ ಮಗ್ಗುಲಿನ ಒಂದೂರ ಕೆರೆಯಲ್ಲಿ ಬರದ ಬೇಸಿಗೆ ನಾವು ಉದ್ಯೋಗ ಖಾತ್ರಿಯಲ್ಲಿ ಹೂಳು ತೆಗೆದೆವು. ಕೇರಿಯವರೇ ಬಹಳ, ಅದರಲ್ಲೂ ಹೆಣ್ಣುಮಕ್ಕಳೇ ಬಹಳ. ಬೆಳಿಗ್ಗೆ ಆರಕ್ಕೆ ಇಳಿದರೆ ಹತ್ತರೊಳಗೆ ನೆಲ ಕಾದು ಕೆಂಡ. ಬಿರುಕು ಬಿಟ್ಟ ಹೂಳು ಹಾರಿಗೂ ಜಗ್ಗುವುದಿಲ್ಲ. ಅಗೆದು ದಂಡೆಗೆ ಹಾಕಿದ ಮಣ್ಣನ್ನು ಟ್ರ್ಯಾಕ್ಟರಿನವರು ತುಂಬಿಕೊಂಡು ಹೋದರು. ದೊಡ್ಡ ಹೊಲಗಳಿಗೆ ಹೋಯಿತು, ಇಟ್ಟಂಗಿ ಭಟ್ಟಿಗೂ ಹೋಯಿತು. ನಮ್ಮಲ್ಲಿ ಕೆಲವರಿಗೆ ಎಂದೋ ಸರಕಾರ ಕೊಟ್ಟ ಒಂದೊಂದು ಎಕರೆ, ಅರ್ಧ ಎಕರೆ ಗರಸು ಭೂಮಿ ಇದೆ. ನಮ್ಮ ಒಬ್ಬ ದೊಡ್ಡವ್ವ ಹೋಗಿ ಕೇಳಿದಳು:

'ಯಪ್ಪಾ, ನಮ್ಮ ಹೊಲಕ್ಕೂ ನಾಕು ಗಾಡಿ ಗೋಡು ಹಾಕಿಸ್ರಿ.'

'ಟ್ರ್ಯಾಕ್ಟರ್ ಐತೇನಬೇ ನಿಂದು?'

'ಟ್ರ್ಯಾಕ್ಟರ್ ಎಲ್ಲಿಂದ ತರ್ಲೆಪ್ಪಾ. ಅಗದದ್ದು ನಾವ ಅಲ್ಲೇನು?'

'ಅಗದದ್ದಕ್ಕ ಪಗಾರ ಬಂದೈತಲ್ಲ, ಮತ್ತೇನು?'

ಈ ಮಾತಿನಲ್ಲಿ ಎಲ್ಲವೂ ಬಂದುಹೋಯಿತು. ನಮ್ಮದು ಪಗಾರ, ಅವರದು ಕೆರೆ. ಆ ರಾತ್ರಿ ಕೇರಿಯ ಸಮುದಾಯ ಭವನದಲ್ಲಿ ಕೂತೆವು. ಬಾಬಾಸಾಹೇಬರ ಫೋಟೋ ಗೋಡೆಯ ಮೇಲಿತ್ತು. 1923ರಲ್ಲೇ ಮುಂಬೈ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಎಂದು ಠರಾವು ಮಾಡಿತ್ತು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಹಿಡಿದಾಗಲೇ ಅದು ಹಕ್ಕಾಗಿ ಕಂಡದ್ದು. ಕಾಗದ ಮೊದಲು ಬಂದಿತ್ತು, ಕೈ ಆಮೇಲೆ ಹೋಯಿತು. ನಮ್ಮಲ್ಲಿ ಕೈ ಮೊದಲೇ ಕೆರೆಯೊಳಗಿದೆ, ಕಾಗದದಲ್ಲಿ ನಾವಿಲ್ಲ. ಇಷ್ಟೇ ವ್ಯತ್ಯಾಸ ಎಂದು ಓದಿದ ಹುಡುಗನೊಬ್ಬ ಹೇಳಿದ.

ಮುಂದಿನ ಗ್ರಾಮಸಭೆಗೆ ನಾವು ಗುಂಪಾಗಿ ಹೋದೆವು. ಬರೆದುಕೊಂಡು ಹೋಗಿದ್ದೆವು. ಗೋಡು ಮೊದಲು ಗರಸು ಭೂಮಿಯ ಸಣ್ಣ ಹಿಡುವಳಿಗೆ, ಆಮೇಲೆ ದೊಡ್ಡವರಿಗೆ. ಇಟ್ಟಂಗಿ ಭಟ್ಟಿಗೆ ಇಲ್ಲವೇ ಇಲ್ಲ. ಕೆರೆಯ ಮೀನು, ದಂಡೆಯ ಹುಲ್ಲು ಹೊಲ ಇಲ್ಲದವರ ಸಂಘಕ್ಕೆ. ಗದ್ದಲವಾಯಿತು. 'ಇವರು ಕೆರಿ ತಮ್ದ ಅಂತಾರ' ಎಂದು ಕೂಗಿದರು. ಒಂದು ತಿಂಗಳು ನಮ್ಮ ಹೆಣ್ಣುಮಕ್ಕಳನ್ನು ಕಸ ತೆಗೆಯಲು ಯಾರೂ ಕರೆಯಲಿಲ್ಲ, ಕಿರಾಣಿ ಅಂಗಡಿಯಲ್ಲಿ ಉದ್ರಿ ನಿಂತಿತು. ನಮ್ಮೊಳಗೇ ಕೆಲವರು 'ಸಾಕ್ರಪ್ಪಾ, ಹೊಂದ್ಕೊಂಡು ಹೋಗೋಣು' ಎಂದರು. ಅವರನ್ನು ನಾವು ಬೈಯುವುದಿಲ್ಲ, ಹಸಿವು ಅವರ ಬಾಯಲ್ಲಿ ಮಾತಾಡಿತು. ಆ ತಿಂಗಳು ನಮ್ಮನ್ನು ಉಳಿಸಿದ್ದು ಖಾತ್ರಿ ಕೂಲಿ. ಅದೇ ಕೂಲಿಯಲ್ಲಿ ಎಲ್ಲರೂ ಒಂದೊಂದು ದಿನದ್ದನ್ನು ಕೂಡಿಸಿ, ಬಾಡಿಗೆ ಟ್ರ್ಯಾಕ್ಟರು ಮಾಡಿ, ದೊಡ್ಡವ್ವನದೂ ಸೇರಿ ಕೆಲವರ ಹೊಲಕ್ಕೆ ಗೋಡು ಹೊಡೆಸಿದೆವು. ಮೀನಿನ ಠರಾವು ಇನ್ನೂ ಆಗಿಲ್ಲ. ಆದರೆ ಆ ವರ್ಷ ಮಳೆ ನಡುವೆ ಕೈಕೊಟ್ಟಾಗ ದೊಡ್ಡವ್ವನ ಸಜ್ಜೆ ಬಾಡಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

ಖಾತ್ರಿ ಕೂಲಿಯ ಬಗ್ಗೆ ಒಂದು ಮಾತು. 2005ರ ಕಾಯ್ದೆ ಕೊಟ್ಟದ್ದು ನೂರು ದಿನದ ಕೂಲಿ ಅಷ್ಟೇ ಅಲ್ಲ. 'ನಿಮ್ಮ ಹೊಲಕ್ಕ ಇಷ್ಟಕ್ಕ ಬರೂದಿಲ್ರಿ' ಎನ್ನುವ ಧೈರ್ಯ ಕೊಟ್ಟಿತ್ತು. ನಮ್ಮ ಕಲಬುರಗಿ ಭಾಗದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಕೆಲಸದ ಅಳತೆಗೆ ಶೇಕಡಾ 30ರ ರಿಯಾಯಿತಿ ಸಿಕ್ಕಿತು. ಬಿಸಿಲಿಗೆ ಅಷ್ಟು ಕಡಿಮೆ ಅಗೆದರೂ ಪೂರಾ ಕೂಲಿ. ಹವಾಮಾನ ಹೊಂದಾಣಿಕೆ ಎಂದರೆ ನಮಗೆ ತಿಳಿಯುವುದು ಇದು: ಬಿಸಿಲು ಏರಿತು, ದುಡಿಯುವವನ ಹೊರೆ ಇಳಿಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿತು. ದಿನಗಳು 125 ಎಂದಿದ್ದಾರೆ. ಖರ್ಚಿನ ಶೇಕಡಾ 40 ರಾಜ್ಯಗಳ ತಲೆಯ ಮೇಲೆ. ಬಿತ್ತನೆ, ಸುಗ್ಗಿಯ ಹೊತ್ತಿನಲ್ಲಿ ವರ್ಷಕ್ಕೆ 60 ದಿನದವರೆಗೆ ಕೆಲಸ ನಿಲ್ಲಿಸಬಹುದಂತೆ. ಯಾವಾಗ ನಮಗೆ ಕೂಲಿ ಕೇಳುವ ಬಲ ಬರುತ್ತದೋ ಆವಾಗಲೇ ಬಾಗಿಲು ಹಾಕಿದರೆ ಲಾಭ ಯಾರಿಗೆ ಎಂದು ಓದುಗರೇ ಹೇಳಲಿ.

ಬೇರೆ ದಾರಿ ಇಲ್ಲವೇ? ಇದೆ. ಅದಕ್ಕೆ ಬಹಳ ದೂರ ಹೋಗಬೇಕಿಲ್ಲ. ಜಹೀರಾಬಾದ್ ಈಗ ತೆಲಂಗಾಣದಲ್ಲಿದೆ, 1956ರ ತನಕ ನಮ್ಮ ಬೀದರ್ ಜಿಲ್ಲೆಯಲ್ಲಿತ್ತು. ಅಲ್ಲಿ ಪಸ್ತಾಪುರದ ಸುತ್ತಿನ ಊರುಗಳಲ್ಲಿ ದಲಿತ ಹೆಣ್ಣುಮಕ್ಕಳ ಸಂಘಗಳಿವೆ. 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಗಾತ ಕಟ್ಟಿಕೊಂಡ ಸಂಘಗಳು. ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ, 2023ರಲ್ಲಿ ತೀರಿಕೊಂಡ ಪಿ.ವಿ. ಸತೀಶ್ ನಮ್ಮ ಮೈಸೂರಿನವರು. ಆ ಹೆಣ್ಣುಮಕ್ಕಳಿಗೂ ಸಿಕ್ಕಿದ್ದು ಕಲ್ಲು ಭೂಮಿಯೇ. ಬೀಳುಬಿದ್ದ ಹೊಲವನ್ನು ಹಸನು ಮಾಡಿ, ಒಂದೇ ಹೊಲದಲ್ಲಿ ಹತ್ತು ಹನ್ನೆರಡು ಬಗೆಯ ಕಾಳು ಬಿತ್ತಿದರು. ಒಂದು ಮಳೆ ತಪ್ಪಿದರೆ ಒಂದು ಹೋಗುತ್ತದೆ, ಇನ್ನೊಂದು ಬರುತ್ತದೆ. ಬೀಜ ಸಾಲ ಕೊಟ್ಟು ಸುಗ್ಗಿಗೆ ಹೆಚ್ಚಿಗೆ ವಾಪಸು ಪಡೆದರು. 1990ರ ದಶಕದಲ್ಲಿ ತಮ್ಮ ಜೋಳವನ್ನೇ ಊರಲ್ಲಿ ಕೂಡಿಟ್ಟು, ಯಾರ ಮನೆಯಲ್ಲಿ ಹಸಿವು ಎಷ್ಟು ಎಂದು ಊರೇ ಕುಂತು ತೀರ್ಮಾನಿಸಿ, ಮಳೆಗಾಲದ ಕಷ್ಟದ ದಿನಗಳಲ್ಲಿ ಕಡಿಮೆ ಬೆಲೆಗೆ ಹಂಚಿದರು. 2008ರಲ್ಲಿ ತಮ್ಮದೇ ರೇಡಿಯೋ ಕಟ್ಟಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಆ ಸಂಘಗಳಿಗೆ ಬಂತು. ಕಲ್ಲು ಭೂಮಿಯಾದರೂ ಸರಿ, ಭೂಮಿ ಕೈಯಲ್ಲಿತ್ತು, ಬೀಜ ಕೈಯಲ್ಲಿತ್ತು, ತೀರ್ಮಾನ ಕೈಯಲ್ಲಿತ್ತು. ಈ ಮೂರೂ ಇದ್ದದ್ದಕ್ಕೆ ಬರ ಅವರನ್ನು ಗುಳೆ ಎಬ್ಬಿಸುವುದು ಕಷ್ಟವಾಯಿತು.

ನಮ್ಮಲ್ಲೂ ಈ ವಿದ್ಯೆ ಇತ್ತು. ಜೋಳದೊಳಗೆ ತೊಗರಿಯ ಅಕ್ಕಡಿ, ಬದುವಿಗೆ ಪುಂಡಿ, ನಡುವೆ ಗುರೆಳ್ಳು, ಮಡಿಕಿ, ಅಲಸಂದಿ. ನವಣೆ ಬಡವರ ಅನ್ನವಾಗಿದ್ದಾಗ ಅದನ್ನು ಉಂಡವರನ್ನು ಊರು ಕೀಳಾಗಿ ನೋಡಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಆಚರಿಸಿತು. ಈಗ ಅದೇ ನವಣೆ ನಗರದ ಅಂಗಡಿಯಲ್ಲಿ ಪಾಕೀಟಿನೊಳಗೆ ಕುಂತಿದೆ. ಬೆಲೆ ಕೇಳಿದರೆ ನಮ್ಮವರು ಕೈ ಹಿಂದೆ ತೆಗೆಯುತ್ತಾರೆ.

ಇನ್ನು ಹೊಗೆ. ಭೂಮಿ ಕಾಯುತ್ತಿರುವುದು ಕಲ್ಲಿದ್ದಲು, ಎಣ್ಣೆ ಸುಟ್ಟದ್ದಕ್ಕೆ ಎಂದು ಲೋಕವೇ ಒಪ್ಪಿದೆ. ನಾವು ಸುಟ್ಟದ್ದು ಜಾಲಿ ಕಟ್ಟಿಗೆ, ಕುಳ್ಳು. ಕಾರಿಲ್ಲ, ಏಸಿ ಇಲ್ಲ, ವಿಮಾನ ನೋಡಿದ್ದು ಮುಗಿಲಲ್ಲಿ. ಆದರೆ ಸುಟ್ಟವರ ಹೊಗೆ ಎರಡು ಸಲ ನಮ್ಮ ಮೇಲೆ ಬೀಳುತ್ತದೆ. ಒಮ್ಮೆ ಮಳೆ ಕೆಡಿಸಿ, ಇನ್ನೊಮ್ಮೆ ಕರಿದೂಳಾಗಿ. ಜೋಳದ ಎಲೆಯ ಮೇಲೆ, ಒಣಹಾಕಿದ ಹಪ್ಪಳದ ಮೇಲೆ, ಕೂಸಿನ ಹಾಸಿಗೆಯ ಮೇಲೆ ಕರಿದೂಳು. ಕೊಪ್ಪಳದ ಮಗ್ಗುಲಲ್ಲೇ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬರುವುದೆಂದಾಗ 2025ರ ಫೆಬ್ರವರಿ 24ರಂದು ಇಡೀ ಕೊಪ್ಪಳ ಬಂದ್ ಆಯಿತು. ಮಠ, ಪಕ್ಷ, ಜಾತಿ ಎನ್ನದೆ ಮಂದಿ ರಸ್ತೆಗೆ ಬಂದರು. ನಾವೂ ಹೋಗಿದ್ದೆವು. ಹೊಗೆಯ ವಿರುದ್ಧ ಒಂದಾದ ಊರು, ಕೆರೆಯ ಗೋಡಿನ ಪಾಲಿನ ಮಾತು ಬಂದಾಗಲೂ ಒಂದಾಗಬಾರದೇ ಎಂದು ಬರುವಾಗ ಬಸ್ಸಿನಲ್ಲಿ ಮಾತಾಡಿಕೊಂಡೆವು.

ನಾವು ಕೇಳುವುದು ದಯೆಯನ್ನಲ್ಲ, ಲೆಕ್ಕವನ್ನು. ದಲಿತರಿಗೆ ಮಂಜೂರಾದ ಜಮೀನು ಕೈತಪ್ಪಬಾರದೆಂದು 1978ರಲ್ಲಿ ಕಾಯ್ದೆ ಬಂತು. ಕೋರ್ಟುಗಳಲ್ಲಿ 'ತಡವಾಗಿ ಬಂದಿರಿ' ಎಂಬ ಒಂದೇ ಮಾತಿಗೆ ಎಷ್ಟೋ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ತಿದ್ದುಪಡಿ ಮಾಡಿ ಕಾಲಮಿತಿ ಇಲ್ಲ ಎಂದರು. ಹಾಗಾದರೆ ಆ ಭೂಮಿಗಳು ಎಲ್ಲಿ? ಬರ ತಡೆಯುವ ಮೊದಲ ಯೋಜನೆ ಅದೇ ಆಗಲಿ. ಬರ ಸಾರಿದ ತಾಲ್ಲೂಕಿನಲ್ಲಿ ಬೆಳೆಗೆ ಪರಿಹಾರ ಬರೆದಂತೆ ಕಳೆದುಹೋದ ಕೂಲಿಗೂ ಪರಿಹಾರ ಬರೆಯಲಿ. ಲಾವಣಿ ಮಾಡುವವನ ಹೆಸರು ಗ್ರಾಮಸಭೆಯಲ್ಲಿ ದಾಖಲಾಗಲಿ, ಆ ದಾಖಲೆಗೆ ವಿಮೆ ಸಿಗಲಿ. ಕಾಲುವೆಗೆ ನೀರು ನಿಂತ ವರ್ಷ ಸಸಿ ಹಚ್ಚುವವರಿಗೂ ಪಾಲು ಇರಲಿ. ಕೆರೆಯ ಗೋಡು, ಮೀನು, ಹುಲ್ಲಿನಲ್ಲಿ ಹೊಲ ಇಲ್ಲದವರ ಪಾಲು ಬರಹದಲ್ಲಿ ಬರಲಿ.

ಬೇಸಿಗೆಗೆ ಕೆರೆಗಳು ಮತ್ತೆ ಬತ್ತುತ್ತವೆ. ಸಲಿಕೆ ಹಿಡಿದು ಇಳಿಯುವವರು ನಾವೇ, ಅದರಲ್ಲಿ ಅನುಮಾನವಿಲ್ಲ. ಇಳಿಯುವ ಮುಂಚೆ ಗ್ರಾಮಸಭೆಯ ಪುಸ್ತಕದಲ್ಲಿ ಪಾಲಿನ ಪಟ್ಟಿ ಬರೆಸಬೇಕೆಂದು ನಾವು ನಿಶ್ಚಯಿಸಿದ್ದೇವೆ. ದೊಡ್ಡವ್ವನ ಹೆಸರು ಮೊದಲು. ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಕೇರಿಗಳಲ್ಲಿ ಇದನ್ನು ಓದುವ ಗೆಳೆಯರೇ, ನಿಮ್ಮೂರ ಕೆರೆಗೂ ಒಂದು ಪುಸ್ತಕ ಇರುತ್ತದೆ. ಅದರಲ್ಲಿ ಯಾರ ಯಾರ ಹೆಸರಿದೆ ಎಂದು ಹೋಗಿ ಕೇಳಿರಿ. ಒಬ್ಬರೇ ಹೋಗಬೇಡಿರಿ, ಕೂಡಿ ಹೋಗಿರಿ.